ದಾಸಿಯ ಮಗುವಿನ ಉಸಿರು

“ಗುರುಗಳೇ, ಆತ್ಮ ಎಲ್ಲಿಂದ ಬರುತ್ತದೆ?”

ಕೇಳಿದವನು ಥೆಯೋನ, ಈಜಿಪ್ಟಿನ ಮರಳುಗಾಡಿನ ಕ್ರೈಸ್ತ ಮಠಕ್ಕೆ ಹೊಸದಾಗಿ ಸೇರಿದ್ದ ಶಿಷ್ಯ. ಪಟ್ಟಣದಲ್ಲಿ ಪಂಡಿತರ ವಾದಗಳನ್ನು ಕೇಳಿ ಬಂದಿದ್ದ. “ದೀಪದಿಂದ ದೀಪ ಹೊತ್ತುವಂತೆ ಅದು ತಂದೆತಾಯಿಯಿಂದಲೇ ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ಪ್ರತಿ ಮಗುವಿಗೂ ದೇವರು ಹೊಸದಾಗಿ ಆತ್ಮವನ್ನು ಸೃಷ್ಟಿಸುತ್ತಾನೆ ಎನ್ನುವವರಿದ್ದಾರೆ. ಲೋಕ ಹುಟ್ಟುವ ಮೊದಲೇ ಆತ್ಮಗಳೆಲ್ಲ ದೇವರ ಬಳಿ ಇದ್ದವು, ಅಲ್ಲಿಂದ ಇಳಿದು ಬಂದವು ಎನ್ನುವವರೂ ಇದ್ದಾರೆ. ಯಾವುದು ನಿಜ?”

ಗುರುಗಳು ಹೆಣೆಯುತ್ತಿದ್ದ ಚಾಪೆಯನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ನದಿಯ ದಂಡೆಯ ಊರಿನಲ್ಲಿ ಒಬ್ಬ ಜಮೀನ್ದಾರನಿದ್ದ. ಅವನ ಮನೆಯ ದಾಸಿಯೊಬ್ಬಳು ಬಸುರಿಯಾದಳು. ಅವಳ ಗಂಡನೂ ಅದೇ ಮನೆಯ ಆಳು. ಸುಗ್ಗಿಯ ಹೊತ್ತಿಗೆ ಜ್ವರ ಬಂದು ತೀರಿಕೊಂಡಿದ್ದ. ದಾಸಿಯ ಮಗು ಒಡೆಯನ ಸ್ವತ್ತು ಎಂಬುದು ಆ ನಾಡಿನ ಕಾನೂನು. ಗಂಡು ಹುಟ್ಟಿದರೆ ಮಾರುತ್ತೇನೆಂದು ಜಮೀನ್ದಾರ ಒಬ್ಬ ವರ್ತಕನಿಗೆ ಮೊದಲೇ ಮಾತು ಕೊಟ್ಟಿದ್ದ.

ಹೆರಿಗೆಯ ದಿನ ಮಗು ಗಂಡೋ ಹೆಣ್ಣೋ ತಿಳಿಯಲೆಂದು ಅವನೇ ಬಂದು ಬಾಗಿಲಲ್ಲಿ ನಿಂತ. ಗಂಡುಮಗುವೇ ಹುಟ್ಟಿತು. ಆದರೆ ಅಳಲಿಲ್ಲ. ಮೈ ನೀಲಿಗಟ್ಟಿತ್ತು. ಅತ್ತ ತಾಯಿಗೆ ರಕ್ತ ನಿಲ್ಲುತ್ತಿರಲಿಲ್ಲ. ಸೂಲಗಿತ್ತಿ ಅವಳನ್ನು ಬಿಟ್ಟು ಏಳುವಂತಿರಲಿಲ್ಲ. ಅವಳು ಮಗುವನ್ನು ಒಡೆಯನ ಕೈಗೆ ಹಾಕಿ, “ಬಾಯಿಗೆ ಬಾಯಿಟ್ಟು ಊದಿ, ಮೆಲ್ಲಗೆ” ಎಂದಳು.

ಅವನು ಊದಿದ. ಪುಟ್ಟ ಎದೆ ಉಬ್ಬಿತು, ಇಳಿಯಿತು. ಮತ್ತೆ ಊದಿದ. ಖಾಲಿ ಮನೆಯಲ್ಲಿ ಗಾಳಿ ಆಡಿದಂತೆ ಅವನ ಉಸಿರು ಒಳಗೆ ಹೋಗಿ ಹಾಗೆಯೇ ಹೊರಗೆ ಬರುತ್ತಿತ್ತು. ವರ್ತಕನ ನೆನಪು ಯಾವಾಗ ಅಳಿಸಿಹೋಯಿತೋ ಅವನಿಗೇ ತಿಳಿಯಲಿಲ್ಲ. ‘ಬಾ’ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಯಾರನ್ನು ಕರೆಯುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ.

ಆಮೇಲೆ, ಅವನು ಊದದೆ ಇದ್ದಾಗ, ಆ ಎದೆ ತಾನಾಗಿ ಮೇಲೆದ್ದಿತು. ಮಗು ಅತ್ತಿತು. ಕಣ್ಣು ಬಿಟ್ಟಿತು. ಜಮೀನ್ದಾರ ಅದನ್ನು ಹಿಡಿದುಕೊಂಡೇ ನೆಲಕ್ಕೆ ಮೊಣಕಾಲೂರಿದ.

ತಾಯಿಯೂ ಉಳಿದಳು. ವರ್ತಕ ಬಂದು ಕೇಳಿದಾಗ ಜಮೀನ್ದಾರ ಕೊಡಲಾರೆನೆಂದ.

“ಹೊಲ ನಿನ್ನದು, ಬೆಳೆಯೂ ನಿನ್ನದು. ಇದರಲ್ಲಿ ಅನುಮಾನವೇನು?” ಎಂದ ವರ್ತಕ.

“ಊದಿದ ಉಸಿರು ನನ್ನದು, ಅಷ್ಟು ಬಲ್ಲೆ. ಅತ್ತವನು ಬೇರೆ. ಅವನು ನನ್ನ ಅಪ್ಪಣೆ ಕೇಳಿ ಬಂದವನಲ್ಲ. ಅವನನ್ನು ಮಾರಲು ನಾನು ಯಾರು?”

ವರ್ತಕ ನಕ್ಕು ಹೊರಟುಹೋದ. ಜಮೀನ್ದಾರ ಊರಿನ ಕ್ರೈಸ್ತ ಸಭೆಯ ಮುಂದೆ ತಾಯಿಮಗು ಇಬ್ಬರನ್ನೂ ದಾಸ್ಯದಿಂದ ಬಿಡಿಸಿ, ಅವರಿಗೆ ಇರಲು ಒಂದು ಮನೆಯನ್ನೂ ಕೊಟ್ಟ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಥೆಯೋನ ಕೇಳಿದ: “ಹಾಗಾದರೆ ಆ ಆತ್ಮ ಎಲ್ಲಿಂದ ಬಂತೆಂದು ಅವನಿಗೆ ತಿಳಿಯಿತೇ?”

“ಇಲ್ಲ,” ಎಂದರು ಗುರುಗಳು. “ಆದರೆ ಅಂದಿನಿಂದ ಸಾಯುವವರೆಗೂ ಯಾರು ಎದುರಿಗೆ ಬಂದರೂ, ಆಳಾಗಲಿ ಅರಸನಾಗಲಿ, ಅವನು ಎದ್ದು ನಿಲ್ಲುತ್ತಿದ್ದ.”