ಕುಂಚ ಒಂದೇ, ಕೂತ ಜಾಗ ಎರಡು

ಜಪಾನಿನ ಒಂದು ಬೆಟ್ಟದೂರಿನಲ್ಲಿ ಮೊರಿತಾ ಎಂಬ ಮುದಿ ಚಿತ್ರಗಾರನಿದ್ದ. ಹರೆಯದಲ್ಲಿ ಅವನು ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಬಂದು, ಒಬ್ಬ ಗೊಂಬೆಗಾರನ ಮನೆಯಲ್ಲಿ ಎರಡು ವರ್ಷ ಬಣ್ಣದ ಕೆಲಸ ಕಲಿತಿದ್ದ. ಜೊತೆಗೆ ಆ ಊರಿನ ಕನ್ನಡವನ್ನೂ. ಈಗ ಆ ಗೊಂಬೆಗಾರನ ಮಗ ತಿಪ್ಪಣ್ಣ, ನಲವತ್ತು ದಾಟಿದವನು, ಮಸಿಯ ಚಿತ್ರ ಕಲಿಯಲು ಅವನ ಬಳಿ ಹೋದ.

"ಮೊದಲು ಜಪಾನಿ ಭಾಷಾದ ಮೂರು ಮಾತು, ಆಮೇಲೆ ಕುಂಚ," ಎಂದ ಗುರು. "ನನ್ನ ಕಡೆ ಇದ್ದದ್ದು ಕೊರೆ. ನಿನ್ನ ಕಡೆ ಇದ್ದದ್ದು ಸೊರೆ. ಇಬ್ರಿಗೂ ದೂರ ಇದ್ದದ್ದು ಅರೆ. ಮೊದಲನೇ ಹಿಮ ಬೀಳೋದ್ರೊಳಗ ಇವು ಬರಲಿಲ್ಲಂದ್ರ ಊರಿಗೆ ಹೋಗು."

ತಿಪ್ಪಣ್ಣ ಬಾಗಿಲಿಗೆ ಬೆನ್ನು ಹಾಕಿ ಗುರುವಿನ ಎದುರು ಕೂತ. ಗುರುವಿನ ಹಿಂದೆ ಗೋಡೆಗೆ ಅವನೇ ಬರೆದ ಒಂದು ಚಿತ್ರ ಒರಗಿತ್ತು. ಕಣಿವೆ, ಸೇತುವೆ, ಮೇಲೆ ಬರೀ ಬಿಳಿ. ಮಂಜಿರಬೇಕು ಎಂದುಕೊಂಡ.

ಅವನ ಕಿವಿ ಕಿನ್ನಾಳ ಬಿಟ್ಟು ಬಂದಿರಲಿಲ್ಲ. ಕೊರೆ ಎಂದರೆ ಮರ ಕೊರೆಯುವುದು, ಸೊರೆ ಎಂದರೆ ಸೋರೆಕಾಯಿ. ಒಂದು ದಿನ ಗುರು ಬಾಗಿಲಾಚೆಗೆ ಬೆರಳು ತೋರಿ "ಅರೆ!" ಎಂದ. ತಿಪ್ಪಣ್ಣ ತಿರುಗಿಯೂ ನೋಡದೆ ಮಸಿ ಅರೆಯತೊಡಗಿದ.

"ಸಾಕೋ ತಮ್ಮಾ, ಊರಿಗೆಲ್ಲ ಕಾಡಿಗಿ ಹಚ್ಚಾಂವ ಇದ್ದಿಯೇನು?" ಎಂದು ಗುರು ನಕ್ಕ.

ಇನ್ನೊಂದು ತೊಡಕಿತ್ತು. ಗುರು ಕುಂಚ ಹಿಡಿದು "ಕೊರೆ?" ಎಂದು ಕೇಳಿದರೆ ತಿಪ್ಪಣ್ಣನೂ "ಕೊರೆ" ಎನ್ನುತ್ತಿದ್ದ. ದಿನಾ ಕೇಳುವುದು, ದಿನಾ ತಪ್ಪುವುದು.

"ನೀವೇ ಕೊರೆ ಅಂದ್ರಲ್ರೀ! ಕುಂಚ ಒಂದೇ ಅಲ್ಲೇನ್ರೀ?"

"ಕುಂಚ ಒಂದೇ. ಕುಂತ ಜಾಗ ಎರಡು."

ಒಂದು ಬೆಳಗ್ಗೆ ಗಾಳಿಯಲ್ಲಿ ಹಿಮದ ವಾಸನೆ ಬಂತು. ಕಣಿವೆಯ ತುಂಬ ಮಂಜು, ಕಾಸಿದ ಹಾಲಿನ ಕೆನೆಯಂತೆ ಅಲುಗದೆ ನಿಂತಿತ್ತು. ಇದೇ ಕೊನೆಯ ದಿನವೆಂದು ತಿಪ್ಪಣ್ಣನಿಗೆ ಗೊತ್ತಾಯಿತು. ಏನು ತೋಚಿತೋ, ಎದ್ದು ಹೋಗಿ ಗುರುವಿನ ಪಕ್ಕದಲ್ಲಿ ಕೂತ. ಇಷ್ಟು ದಿನ ತಾನು "ಇದು" ಎನ್ನುತ್ತಿದ್ದ ಮಸಿ ಅರೆಯುವ ಕಲ್ಲು ಈಗ ಆಚೆ ಇತ್ತು, ಬೇರೆ ಯಾರದೋ ಎಂಬಂತೆ.

ಮಂಜು ಮೆಲ್ಲಗೆ ಸರಿಯಿತು. ಬಾಗಿಲಾಚೆ ನೀಲಿ ಶಿಖರವೊಂದು ನೆಲ ಮುಟ್ಟದೆ ತೇಲಿತು. ತಿಪ್ಪಣ್ಣ ಗುರುವಿನ ಮುಖ ನೋಡಿದ. ಗುರು ಶಿಖರವಿಲ್ಲದ ಕಡೆ ನೋಡುತ್ತಿದ್ದ.

ಆಗ ತಿಳಿಯಿತು. ಚಿತ್ರದಲ್ಲಿದ್ದ ಬಿಳಿ ಮಂಜಲ್ಲ, ಬರೆಯಲಾಗದೆ ಬಿಟ್ಟ ಜಾಗ. ಗುರುವಿಗೆ ದೂರದ್ದು ಕಾಣುವುದೇ ಇಲ್ಲ.

ಅವನು ಮುದುಕನ ಕೈ ಹಿಡಿದು, ಬೆರಳನ್ನು ಶಿಖರದತ್ತ ತಿರುಗಿಸಿದ. "ಅರೆ," ಎಂದ.

ಗುರು ಕುಂಚ ಎತ್ತಿ ಹಿಡಿದ. "ಕೊರೆ?"

"ಸೊರೆ."

ಗುರು ಅದನ್ನು ತಿಪ್ಪಣ್ಣನ ಕೈಗಿಟ್ಟ. "ಈಗ?"

"ಕೊರೆ."

"ಹಂಗಾದ್ರ ಆ ಬಿಳೀ ಜಾಗ ತುಂಬು. ನೀ ಕಂಡಂಗ."

ಹೊರಗೆ ಹಿಮ ಬೀಳತೊಡಗಿತು. ತಿಪ್ಪಣ್ಣ ಊರಿಗೆ ಹೋಗಲಿಲ್ಲ.

ನೀತಿ: ನಮಗೆ "ಇದು" ಆದದ್ದು ಎದುರಿನವರಿಗೆ "ಅದು". ಅವರ ಪಕ್ಕಕ್ಕೆ ಹೋಗಿ ಕೂತರೆ ಅವರ ಮಾತೂ ತಿಳಿಯುತ್ತದೆ, ಅವರು ಹೇಳದೆ ಉಳಿಸಿದ ಕೊರತೆಯೂ ತಿಳಿಯುತ್ತದೆ.