ಹುಲ್ಲಿನ ತುದಿ

ಕಾಗೆಯ ಮಾತಿಗೆ ಬೆಲೆಯಿಲ್ಲ, ಆದರೂ ಕೇಳಿ. ಸಾಫ್ಟ್‌ವೇರ್ ಕಚೇರಿಯ ಕಿಟಕಿ ಪಕ್ಕದ ಜಾಲಿಮರದಲ್ಲಿ ಗೀಜಗ ಅಣ್ಣತಮ್ಮಂದಿರು ಸೇರಿ ಒಂದೇ ಗೂಡು ಹೆಣೆಯುತ್ತಿದ್ದರು. ಕಚೇರಿಯವರು ಕಂಪ್ಯೂಟರ್ ಕೋಡ್‌ನ ಪ್ರತಿ ಸಾಲಿನ ಮೊದಲು ಎಷ್ಟು ಜಾಗ ಬಿಡಬೇಕೆಂದು ಮೂರು ತಿಂಗಳಿಂದ ಜಗಳವಾಡುತ್ತಿದ್ದರು. ಆ ಜಗಳದ ಚಟವನ್ನು ಈ ಹಕ್ಕಿಗಳಿಗೆ ಅಂಟಿಸಿದವನು ನಾನೇ.

“ಹುಲ್ಲಿನ ತುದಿ ಒಳಕ್ಕೆ ಸಿಕ್ಕಿಸಿದರೇ ಚಂದ,” ಎಂದು ಅಣ್ಣನಿಗೆ ಹೇಳಿದೆ. “ಹೊರಗೆ ಬಿಟ್ಟರೇ ಲಕ್ಷಣ,” ಎಂದು ತಮ್ಮನಿಗೆ ಹೇಳಿದೆ. ಅಂದಿನಿಂದ ಅಣ್ಣ ಹೆಣೆದದ್ದನ್ನು ತಮ್ಮ ಬಿಚ್ಚಿ ಹೆಣೆದ, ತಮ್ಮ ಹೆಣೆದದ್ದನ್ನು ಅಣ್ಣ.

“ಇದೇನು ಗೂಡೋ, ಕೆದರಿದ ತಲೆಯೋ?” ಎಂದ ಅಣ್ಣ.

“ನಿನ್ನದು ಬೋಳುತಲೆ ಅಣ್ಣಾ!”

“ತುದಿ ಹೇಗಾದರೂ ಇರಲಿ, ಮೊದಲು ತಳ ಮುಗಿಸಿ ಮಾರಾಯರೇ. ನನಗೆ ಮೊಟ್ಟೆಯಿಡಲು ಇಂದೋ ನಾಳೆಯೋ ಅನ್ನುವಂತಿದೆ,” ಎಂದು ಅಣ್ಣನ ಹೆಂಡತಿ ಬೇಡಿಕೊಂಡಳು.

“ಇವನು ಒಪ್ಪಲಿ, ಅರ್ಧ ಗಳಿಗೆಯಲ್ಲಿ ಮುಗಿಸುತ್ತೇನೆ,” ಎಂದ ಅಣ್ಣ.

“ನಾನೂ ಅದನ್ನೇ ಹೇಳುತ್ತಿರುವುದು ಅತ್ತಿಗೆ,” ಎಂದ ತಮ್ಮ. ನಾನು ಕೊಂಬೆಯ ಮೇಲೆ ಬಿದ್ದು ಬಿದ್ದು ನಕ್ಕೆ.

ಮರುದಿನ ಬೆಳಿಗ್ಗೆ ಅವಳು ಇಟ್ಟ ಮೊಟ್ಟೆ ತಳವಿಲ್ಲದ ಗೂಡಿನಿಂದ ಜಾರಿ, ಕೆಳಗೆ ಕಾಳು ಹೆಕ್ಕುತ್ತಿದ್ದ ನನ್ನ ಕಾಲ ಬಳಿಯೇ ಒಡೆಯಿತು. ಅಣ್ಣತಮ್ಮಂದಿರು ತಳ ಹೆಣೆಯತೊಡಗಿದರು. ತುದಿ ಒಳಗೋ ಹೊರಗೋ, ಯಾರೂ ನೋಡಲಿಲ್ಲ.

ಆ ಮೊಟ್ಟೆಯನ್ನು ನಾನು ಮುಟ್ಟಲಿಲ್ಲ. ನೀವು ನಂಬುವುದಿಲ್ಲ, ಗೊತ್ತು.