ಒಂದೇ ಉಸಿರಿಗೆ ಹನ್ನೆರಡು ಹುಟ್ಟು

“ವಸ್ತಾದ್ರೀ, ನನ್ನ ಬಲ ಎಲ್ಲಿಗೆ ಹೋಗತೈತಿ?”

ಗಾದಿಲಿಂಗ ಹೀಗೆ ಕೇಳಿದಾಗ ಅವನ ಕುಸ್ತಿಗೆ ಅರ್ಧ ತಾಸು ಉಳಿದಿತ್ತು. ಹೊರಗೆ ಕಣದ ಸುತ್ತ ಜನ ಸೇರಿಯಾಗಿತ್ತು, ಹಲಗೆಯವರು ಹಲಗೆ ಕಾಯಿಸುತ್ತಿದ್ದರು. ಗರಡಿಮನೆಯೊಳಗೆ ಅವನು ಕೆಂಪು ಮಣ್ಣಿನ ಮೇಲೆ ಕುಳಿತಿದ್ದ. ಹಿಂದಿನ ಮೂರು ಕುಸ್ತಿಗಳಲ್ಲೂ ಅವನದು ಒಂದೇ ಹಾಡು. ತೊಡೆ ತಟ್ಟಿ ಹಾರುತ್ತ ಕಣಕ್ಕೆ ಬರುತ್ತಿದ್ದ, ಕೈ ಕೂಡಿಸಿದ ಕೂಡಲೇ ಎದುರಾಳಿಯನ್ನು ಸೊಂಟ ಹಿಡಿದು ಎತ್ತಿಬಿಡುತ್ತಿದ್ದ, ಜನ ಶಿಳ್ಳೆ ಹೊಡೆದು ಟವೆಲ್ ಹಾರಿಸುತ್ತಿದ್ದರು. ಎರಡು ನಿಮಿಷ ಕಳೆಯುವುದರೊಳಗೆ ತೋಳು ಉರಿಯುತ್ತಿತ್ತು, ಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಆಮೇಲೆ ಅವನು ಬೆನ್ನು ಮಣ್ಣಿಗೆ ಹಚ್ಚಿ ಆಕಾಶ ನೋಡುತ್ತಿದ್ದ.

“ದಿನಾ ಸಾವಿರ ಬಸ್ಕಿ ಹೊಡೀತೀನಿ, ಸೇರು ಹಾಲು ಕುಡೀತೀನಿ. ಇವತ್ತೂ ಬಿದ್ದರ ಲಂಗೋಟ ಗೂಟಕ್ಕ ಹಾಕಿ ಮನೀಗೆ ಹೋಗತೀನಿ. ಮತ್ತ ಈ ಮಣ್ಣು ಮುಟ್ಟೂದಿಲ್ಲ.”

ಗರಡಿಯ ಗುರು ಹುಲುಗಪ್ಪ ವಸ್ತಾದಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಒಬ್ಬ ಅಂಬಿಗ ಇದ್ದ,” ಎಂದ. ಕುಸ್ತಿ ತಲೆಯ ಮೇಲೆ ಬಂದಿರುವಾಗ ಕತೆಯೇ ಎಂದು ಗಾದಿಲಿಂಗನಿಗೆ ಮೈಯೆಲ್ಲ ಉರಿಯಿತು. ಆದರೆ ವಸ್ತಾದಿ ಕತೆ ತೆಗೆದ ಮೇಲೆ ಎದ್ದು ಹೋದವನು ಆ ಗರಡಿಯಲ್ಲಿ ಯಾರೂ ಇರಲಿಲ್ಲ.

ಅಂಬಿಗನ ಮನೆ ಹೊಳೆಯ ಆಚೆ ದಡದಲ್ಲಿತ್ತು. ಒಂದು ದಿನ ಬೆಳಗಿನ ಜಾವ ಅವನ ಹೆಂಡತಿಗೆ ಚೊಚ್ಚಲ ಹೆರಿಗೆಯ ನೋವು ಶುರುವಾಯಿತು. ಹೊತ್ತು ಏರಿದರೂ ಮಗು ಬರಲಿಲ್ಲ, ಅವಳು ತಿಣುಕಿ ತಿಣುಕಿ ಸೋತುಹೋದಳು. ಸೂಲಗಿತ್ತಿ ಇದ್ದದ್ದು ಈಚೆ ದಡದಲ್ಲಿ. ಅಂಬಿಗ ಹರಿಗೋಲು ಹತ್ತಿ ಈಚೆಗೆ ಬಂದು, ಅವಳನ್ನು ಕರೆದುಕೊಂಡು ದಡದ ಮೆಟ್ಟಿಲಿಗೆ ಮರಳುವಷ್ಟರಲ್ಲಿ ಹೊಳೆಯ ನೀರು ಕೆಂಪಾಗಿ ಏರಿತ್ತು. ಮೇಲೆ ಎಲ್ಲೋ ಮಳೆಯಾಗಿತ್ತು. ಕೆಳಗೆ ಅರ್ಧ ಹರದಾರಿಯಲ್ಲಿ ಎರಡು ಬಂಡೆಗಳ ನಡುವೆ ನೀರು ನುಗ್ಗುವ ಸದ್ದು ಮೆಟ್ಟಿಲಿಗೂ ಕೇಳುತ್ತಿತ್ತು. ಆ ಬಂಡೆಗೆ ಸಿಕ್ಕಿದ ಹರಿಗೋಲು ಹರಿಗೋಲಾಗಿ ಉಳಿದದ್ದಿಲ್ಲ.

ಆ ಮೆಟ್ಟಿಲಿನ ಅಂಬಿಗರಿಗೆ ಒಂದು ಪದ್ಧತಿ ಇತ್ತು. ದಡ ಬಿಡುವಾಗ ಉಸಿರು ಕಟ್ಟಿ ಹನ್ನೆರಡು ಹುಟ್ಟು ಹಾಕಬೇಕು. ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು, ಎಲ್ಲರೂ ಕೆಲಸ ಬಿಟ್ಟು ನಿಂತು ಕೂಗಿ ಎಣಿಸುತ್ತಾರೆ. ಹನ್ನೆರಡು ಮುಟ್ಟಿದವನು ಅಂಬಿಗ. ಒಂಬತ್ತಕ್ಕೆ ಉಸಿರು ಬಿಟ್ಟವನಿಗೆ ‘ಒಂಬತ್ತರಪ್ಪ’ ಎಂದು ಅಡ್ಡಹೆಸರು ಬೀಳುತ್ತದೆ, ಅವನ ಮೊಮ್ಮಕ್ಕಳನ್ನೂ ಊರು ಅದೇ ಹೆಸರಿನಿಂದ ಕರೆಯುತ್ತದೆ. ನಮ್ಮ ಅಂಬಿಗನೋ ಹದಿನಾಲ್ಕು ಮುಟ್ಟಿದ ಗಂಡು.

ಅಂದೂ ಜನ ನಿಂತರು. ಅಂದೂ ಎಣಿಸಿದರು. ಹೆಂಡತಿ ಆಚೆ ಸಾಯುತ್ತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು, ಬೇಗ ಹೋಗಬೇಕೆಂಬ ಆತುರವೂ ನಿಜವೇ. ಆದರೂ ಎಣಿಕೆ ಕಿವಿಗೆ ಬಿದ್ದ ಮೇಲೆ ತೋಳು ತಡೆಯಲಿಲ್ಲ. ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೈದು! ದಡವೆಲ್ಲ “ಭಲೆ!” ಎಂದು ಕೂಗಿತು. ಹರಿಗೋಲು ಬಾಣದ ಹಾಗೆ ಹೊರಟಿತು.

ನಡು ಹೊಳೆ ಮುಟ್ಟುವ ಮೊದಲೇ ಸೆಳವು ಹರಿಗೋಲನ್ನು ಹಿಡಿದು ಬುಗುರಿಯಾಡಿಸತೊಡಗಿತು. ಅಂಬಿಗ ಹಲ್ಲು ಕಚ್ಚಿ, ಮತ್ತೆ ಉಸಿರು ಕಟ್ಟಿ, ಹುಟ್ಟಿನ ಮೇಲೆ ಹುಟ್ಟು ಹಾಕಿದ. ಮೊದಲಿನ ಹದಿನೈದು ತಾವಾಗಿಯೇ ಬಂದಿದ್ದವು, ಈಗ ಒಂದೊಂದನ್ನೂ ಮೈಯಿಂದ ಕಿತ್ತು ತೆಗೆಯಬೇಕಾಯಿತು. ಭುಜಕ್ಕೆ ಬೆಂಕಿ ಬಿತ್ತು. ಬೆರಳು ಮಡಚಲಿಲ್ಲ. ಬಂಡೆಯ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು.

ಇಲ್ಲಿ ವಸ್ತಾದಿ ಕತೆ ನಿಲ್ಲಿಸಿ, ಗಾದಿಲಿಂಗನ ತೋಳು ಹಿಡಿದು ಹೆಬ್ಬೆರಳು ಒತ್ತಿದ.

“ಮನೀಗೆ ಹಸಿದ ಮಂದಿ ಬಂದ್ರ ಏನು ಮಾಡತಾರ? ಮೊದಲು ಬುಟ್ಟಿಯಾಗಿನ ರೊಟ್ಟಿ ಬಡಸತಾರ. ಹತ್ತು ಎಣಸೂದ್ರಾಗ ಬುಟ್ಟಿ ಖಾಲಿ. ಆಮ್ಯಾಲೆ ಅವಲಕ್ಕಿ ತೋಯಿಸಿ ಕೊಡತಾರ. ಲಗೂನ ಆಗತೈತಿ, ಆದ್ರ ಭಾಳ ಹೊತ್ತು ಬರೂದಿಲ್ಲ. ಅಷ್ಟರಾಗ ಒಲಿ ಹೊತ್ತಬೇಕು. ಒಲಿ ಹೊತ್ತಿತು ಅಂದ್ರ ಎಷ್ಟು ಪಂಕ್ತಿ ಬೇಕಾದ್ರೂ ಕುಂದ್ರಲಿ.”

ಮೈಯೊಳಗೂ ಹಾಗೆಯೇ ಎಂದು ಅವನು ತಿಳಿಸಿದ. ಮಾಂಸಖಂಡದಲ್ಲಿ ಸಿದ್ಧವಾಗಿ ಕುಳಿತ ಬಲ ಒಂದು ಹಿಡಿ, ಕರೆದ ಕ್ಷಣ ಬರುತ್ತದೆ, ಹತ್ತು ಎಣಿಕೆಗೆ ಮುಗಿಯುತ್ತದೆ. ಬೆನ್ನಿಗೇ ಖಂಡ ತಾನು ಕೂಡಿಟ್ಟ ಸಕ್ಕರೆಯನ್ನು ಉಸಿರಿಗೂ ಕಾಯದೆ ಒಡೆದು ಬಲ ಮಾಡಿಕೊಳ್ಳುತ್ತದೆ. ಅದು ಒಂದೆರಡು ನಿಮಿಷದ ಆಟ, ತೋಳು ಉರಿಯುವುದು ಆಗಲೇ. ಮೂರನೆಯದು ಉಸಿರಿನ ಒಲೆ. ಸಕ್ಕರೆಯನ್ನೂ ಕೊಬ್ಬನ್ನೂ ಗಾಳಿ ಕೊಟ್ಟು ಉರಿಸುವ ಈ ಒಲೆ ನಿಧಾನವಾಗಿ ಹೊತ್ತುತ್ತದೆ, ಹೊತ್ತಿದ ಮೇಲೆ ಹಗಲೆಲ್ಲ ಉರಿಯುತ್ತದೆ. ತುಸು ಬಿಡುವು ಸಿಕ್ಕರೆ ಸಾಕು, ಖಾಲಿ ಬುಟ್ಟಿಗೆ ಹೊಸ ರೊಟ್ಟಿ ಬೀಳುವುದೂ ಇದೇ ಒಲೆಯಿಂದ. ಉಸಿರು ಕಟ್ಟಿದವನು ಅದರ ಬಾಯಿಗೆ ತಾನೇ ಕಲ್ಲು ಇಟ್ಟ ಹಾಗೆ.

ಗಾದಿಲಿಂಗನಿಗೆ ಒಲೆಯೂ ಬೇಡ, ರೊಟ್ಟಿಯೂ ಬೇಡ. ಅವನು ಮಂಡಿಯ ಮೇಲೆ ಎದ್ದು ಕುಳಿತಿದ್ದ. “ಅದು ಇರಲಿ ವಸ್ತಾದ್ರೀ, ಹರಿಗೋಲು ಏನಾತು?”

ವಸ್ತಾದಿ ಮೀಸೆಯೊಳಗೆ ನಕ್ಕು ಮುಂದುವರಿಸಿದ.

“ಮುಗೀತವ್ವಾ, ನನ್ನ ಬಲ ಮುಗೀತು,” ಎಂದ ಅಂಬಿಗ. ಸೂಲಗಿತ್ತಿ ಅವನ ಬೆನ್ನಿನ ಮೇಲೆ ಕೈ ಇಟ್ಟಳು. “ಮುಗಿದಿಲ್ಲಪ್ಪಾ. ಉಸಿರು ಬಿಡು. ಉದ್ದಕ ಬಿಡು. ಹೊಳಿ ಒಯ್ಯಲಿ, ಹರಿಗೋಲು ತಿರುಗದಂಗ ಹಿಡಿ, ಅಷ್ಟ ಸಾಕು.” ಬಂಡೆ ಎದುರಿಗೆ ಕಾಣುತ್ತಿರುವಾಗ ಸುಮ್ಮನೆ ತೇಲು ಎನ್ನುವವಳನ್ನು ನೀರಿಗೆ ದೂಡಿಬಿಡೋಣ ಎನ್ನಿಸಿತು ಅವನಿಗೆ. ಆದರೆ ದೂಡಲಿಕ್ಕೂ ತೋಳು ಏಳಬೇಕಲ್ಲ! ಬೇರೆ ದಾರಿ ಇಲ್ಲದೆ ಅವಳ ಮಾತು ಕೇಳಿದ. ಉದ್ದಕ್ಕೆ ಉಸಿರು ಬಿಟ್ಟ, ಉದ್ದಕ್ಕೆ ಎಳೆದುಕೊಂಡ, ನೀರನ್ನು ಸವರಿದ ಹಾಗೆ ಒಂದು ಹುಟ್ಟು ಹಾಕಿದ. ಮತ್ತೆ ಉಸಿರು, ಮತ್ತೆ ಒಂದು ಹುಟ್ಟು.

ದಡಗಳು ಓಡಿದವು. ಅವನು ತೋಳು ಬಿಗಿದಾಗಲೆಲ್ಲ ಬೆನ್ನ ಮೇಲಿನ ಕೈ ಒತ್ತುತ್ತಿತ್ತು. “ಇನ್ನೂ ಬ್ಯಾಡ.” ಭುಜದ ಬೆಂಕಿ ಇಳಿಯಿತು. “ಇನ್ನೂ ಬ್ಯಾಡ.” ಬೆರಳು ಮಡಚತೊಡಗಿದವು. ಅಂಬಿಗನಿಗೆ ತನ್ನ ಮೈ ತನಗೇ ಹೊಸದೆನಿಸಿತು, ಆ ಸಾವಿನ ಬಾಯಲ್ಲೂ ಅವನಿಗೆ ಖುಷಿಯಾಯಿತು. ಬಂಡೆಗೆ ತುಸು ಮೊದಲು ಹೊಳೆ ಒಂದು ಕಡೆ ಸೊಂಟ ತಿರುಗಿಸುತ್ತದೆ, ಅಲ್ಲಿ ಆಚೆ ದಡ ಹತ್ತಿರ ಬರುತ್ತದೆ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಈಗ!”

ಎಷ್ಟು ಹುಟ್ಟು ಹಾಕಿದನೋ ಅವನು ಎಣಿಸಲಿಲ್ಲ. ಎಣಿಸಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ಹರಿಗೋಲಿನ ತಳ ಮರಳಿಗೆ ಕರಕರ ಉಜ್ಜಿತು, ಅವನು ಹಾರಿ ದಡದ ಲಕ್ಕಿ ಗಿಡವನ್ನು ತಬ್ಬಿಕೊಂಡ.

ಇಬ್ಬರೂ ದಡದ ಗುಂಟ ಹಿಂದಕ್ಕೆ ಮನೆಗೆ ಓಡಿದರು. ಒಳಗೆ ನೆರೆಯ ಹೆಂಗಸರು ಅವನ ಹೆಂಡತಿಯ ಸುತ್ತ ನಿಂತು “ತಿಣುಕು, ತಿಣುಕು” ಎಂದು ಕೂಗುತ್ತಿದ್ದರು. ಸೂಲಗಿತ್ತಿ ಮೊದಲು ಅವರನ್ನೆಲ್ಲ ಹೊರಗೆ ಹಾಕಿ ಬಾಗಿಲು ಮುಚ್ಚಿದಳು. ಬಾಗಿಲಿಗೆ ಕಿವಿ ಹಚ್ಚಿ ನಿಂತ ಅಂಬಿಗನಿಗೆ ಅವಳ ದನಿ ಕೇಳಿತು. “ಉಸಿರು ಬಿಡು ತಂಗೀ. ಉದ್ದಕ ಬಿಡು. ಇನ್ನೂ ಬ್ಯಾಡ.” ಬಹಳ ಹೊತ್ತು ಅದೇ ಮಾತು. ಹೊರಗೆ ನಿಂತ ಅವನೂ ಅವಳ ಮಾತಿನ ಜೊತೆಗೇ ಉಸಿರಾಡಿದ. ಕಡೆಗೆ ಒಳಗಿನಿಂದ “ಈಗ!” ಎಂಬ ಕೂಗು ಕೇಳಿತು, ಅದರ ಬೆನ್ನಿಗೇ ಮಗುವಿನ ಅಳು ಕೇಳಿತು, ಆಮೇಲೆ ಹೆಂಡತಿಯ ದನಿಯೂ ಕೇಳಿತು. ಹದಿನೈದು ಹುಟ್ಟಿನ ಗಂಡು ಹೊಸ್ತಿಲ ಮೇಲೆ ಕುಸಿದು ಕುಳಿತು ಗಳಗಳ ಅತ್ತ.

ಕತೆ ಮುಗಿಯುವುದಕ್ಕೂ ಹೊರಗೆ ಹಲಗೆ ಬಾರಿಸುವುದಕ್ಕೂ ಸರಿಹೋಯಿತು. ಗಾದಿಲಿಂಗನ ಹೆಸರು ಕೂಗಿದರು. ಮೈಯಲ್ಲಿ ರೋಮ ಎದ್ದು ನಿಂತಿತ್ತು, ಎದೆ ಹಿಗ್ಗಿತ್ತು, ಈ ಸಲ ಗೆದ್ದೇ ಬಿಟ್ಟೆ ಎನ್ನಿಸಿತ್ತು ಅವನಿಗೆ. ಒಂದೇ ನೆಗೆತಕ್ಕೆ ಬಾಗಿಲು ದಾಟಿದ. ಅವನನ್ನು ಕಂಡು ಜನ ಹೋ ಎಂದರು, ಶಿಳ್ಳೆ ಹೊಡೆದರು. ಅವನ ಮುಖ ಅರಳಿತು. ರೂಢಿಯಂತೆ ಉಸಿರು ಕಟ್ಟಿ, ತೊಡೆ ತಟ್ಟಲು ಬಲಗೈ ಎತ್ತಿದ.

ಹಿಂದಿನಿಂದ ವಸ್ತಾದಿ ಕೇಳಿದ: “ಮೊದಲಿನ ಆ ಹದಿನೈದು ಹುಟ್ಟು, ಹೊಳಿ ಬೇಡಿತ್ತೇನು, ದಂಡಿ ಮ್ಯಾಗಿನ ಮಂದಿ ಬೇಡಿದ್ರೇನು?”

ಎತ್ತಿದ ಕೈಯನ್ನು ಗಾದಿಲಿಂಗ ಮೆಲ್ಲಗೆ ಇಳಿಸಿ, ಉದ್ದಕ್ಕೆ ಉಸಿರು ಬಿಟ್ಟು, ಕಣಕ್ಕೆ ನಡೆದ.